ಮೇನ್ ಬೀಳುತ್ತಿದೆ ಎಂದು ದೊಡ್ಡ ಎಂಸಿಬಿ ಹಾಕಿಸಬೇಡಿ

ಮನೆ ಕಟ್ಟಿಸುತ್ತಿರುವವರು, ಹಳೆ ಮನೆಗೆ ಎಸಿ ಹಾಕಿಸುತ್ತಿರುವವರು ದಯವಿಟ್ಟು ಓದಿ. ಮೇನ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಪದೇ ಪದೇ ಬೀಳುತ್ತಿದೆ ಎಂದು ಯಾರಾದರೂ 32 ಆಂಪಿಯರಿನದನ್ನು ತೆಗೆದು 63 ಆಂಪಿಯರಿನದು ಕೂರಿಸಲು ಬಂದರೆ ಒಪ್ಪಬೇಡಿ. ಮೀಟರಿನಿಂದ ಡಿಬಿವರೆಗೆ (ಎಂಸಿಬಿಗಳಿರುವ ಪೆಟ್ಟಿಗೆ) ಬಂದಿರುವ ವೈರ್ ಎಷ್ಟು ಸ್ಕ್ವೇರ್ ಎಂಎಂ ದಪ್ಪ ಎಂದು ಮೊದಲು ಕೇಳಿ.

ದಾವಣಗೆರೆಯಲ್ಲಿರುವ ನಮ್ಮ ಅಣ್ಣನ ಮನೆಯಲ್ಲಿ ಮೀಟರ್ ಗೇಟಿನ ಹತ್ತಿರ, ಡಿಬಿ ಮಹಡಿ ಮೇಲೆ. ನಡುವೆ ಸುಮಾರು 30 ಮೀಟರ್. ಗುತ್ತಿಗೆದಾರ ಎಳೆದಿದ್ದು 4 ಸ್ಕ್ವೇರ್ ಎಂಎಂ ತಾಮ್ರದ ವೈರ್. "ಸಿಂಗಲ್ ಫೇಸಿಗೆ ಇಷ್ಟೇ ಸಾಕು ಸಾರ್" ಅಂದಿದ್ದ. ಎರಡನೇ ಎಸಿ ಬಂದಮೇಲೆ ಸಂಜೆ ಹೊತ್ತು ಮೇನ್ ಬೀಳತೊಡಗಿತು. ಅವನೇ ಬಂದು 63 ಹಾಕಿ ಹೋದ. ಬೀಳುವುದೇನೋ ನಿಂತಿತು. ಕೆಲವು ವಾರಗಳಲ್ಲಿ ಅತ್ತಿಗೆಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಡಿಬಿ ತೆರೆದು ನೋಡಿದರೆ ಎಂಸಿಬಿಯ ತುದಿ ಕಪ್ಪಾಗಿತ್ತು, ಪೈಪಿನೊಳಗೆ ವೈರಿನ ಹೊದಿಕೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಮಕ್ಕಳು ಮಲಗುವ ಕೋಣೆಯ ಗೋಡೆಯಲ್ಲೇ ಆ ಪೈಪ್ ಹೋಗಿತ್ತು.

ಲೆಕ್ಕ ಕಷ್ಟದ್ದಲ್ಲ. ಎರಡು ಎಸಿಗೆ ತಲಾ 8 ಆಂಪಿಯರ್, 3 ಕಿಲೋವ್ಯಾಟ್ ಗೀಸರ್‌ಗೆ 13, ಇಂಡಕ್ಷನ್ ಒಲೆಗೆ ಸುಮಾರು 9, ನೀರಿನ ಮೋಟಾರಿಗೆ 6. ಎಲ್ಲ ಒಟ್ಟಿಗೆ ನಡೆದರೆ 44. ಪೈಪಿನೊಳಗಿನ 4 ಸ್ಕ್ವೇರ್ ಎಂಎಂ ಪಿವಿಸಿ ವೈರ್ 30 ಡಿಗ್ರಿಯಲ್ಲಿ 32 ಆಂಪಿಯರ್ ತಾಳುತ್ತದೆ. ನಮ್ಮ ಕಡೆಯ 40 ಡಿಗ್ರಿ ಬಿಸಿಲಿಗೆ 28ಕ್ಕೆ ಇಳಿಯುತ್ತದೆ. ಕರೆಂಟು ಒಂದೂವರೆ ಪಟ್ಟಾದರೆ ವೈರಿನಲ್ಲಿ ಹುಟ್ಟುವ ಶಾಖ ಎರಡು ಪಟ್ಟಿಗೂ ಮೀರುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆಯ ಮಿತಿ 70 ಡಿಗ್ರಿ.

ಎಂಸಿಬಿ ಇರುವುದು ಆ ವೈರನ್ನು ಕಾಯಲು. 63ರ ಎಂಸಿಬಿ 70 ಆಂಪಿಯರ್ ಹರಿದರೂ ಬೀಳಬೇಕೆಂದಿಲ್ಲ. 91 ಹರಿದಾಗಲೂ ಬೀಳಲು ಒಂದು ಗಂಟೆಯವರೆಗೆ ಸಮಯ ತೆಗೆದುಕೊಳ್ಳಬಹುದು. ಅಷ್ಟರಲ್ಲಿ ಸಣ್ಣ ವೈರಿನ ಗತಿ ಏನು? ಅದಕ್ಕೇ ನಿಯಮದ ಕ್ರಮ ಹೀಗಿದೆ: ಲೋಡಿಗಿಂತ ಎಂಸಿಬಿ ಕಡಿಮೆ ಇರಬಾರದು, ಎಂಸಿಬಿಗಿಂತ ವೈರಿನ ಸಾಮರ್ಥ್ಯ ಕಡಿಮೆ ಇರಬಾರದು. 63 ಹಾಕಿದವನಿಗೆ ಇದು ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ.

ದೂರವನ್ನೂ ಲೆಕ್ಕ ಹಾಕಿಸಿ. 30 ಮೀಟರ್ ದೂರಕ್ಕೆ ಅದೇ ವೈರಿನಲ್ಲಿ 40 ಆಂಪಿಯರ್ ಹರಿದರೆ ಸುಮಾರು 13 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಗೀಸರ್ ಹಾಕಿದಾಗ ಲೈಟು ಮಂಕಾಗುತ್ತಿದ್ದರೆ ಮೇನ್ ವೈರನ್ನು, ಅದರ ಜಾಯಿಂಟುಗಳನ್ನು ನೋಡಿಸಿ. ಕಂಬದಿಂದ ಬರುವ ಅಲ್ಯೂಮಿನಿಯಂ ತಂತಿಯನ್ನು ತಾಮ್ರಕ್ಕೆ ಬರೀ ತಿರುಚಿ ಟೇಪ್ ಸುತ್ತಿದ್ದರೆ ಅದು ಸಡಿಲವಾಗಿ ಬಿಸಿಯಾಗುತ್ತದೆ. ಎರಡು ಲೋಹಗಳನ್ನೂ ಸೇರಿಸುವ ಬೈಮೆಟಲ್ ಲಗ್ ಬೇಕು.

ಕೊನೆಗೆ ಅಣ್ಣ ಬೇರೆ ಲೈಸೆನ್ಸ್ ಇರುವವರನ್ನು ಕರೆಸಿ, ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಿ, ತ್ರೀ ಫೇಸ್ ಪಡೆದ. 10 ಸ್ಕ್ವೇರ್ ಎಂಎಂ ವೈರ್, 32ರ ನಾಲ್ಕು ಪೋಲ್ ಎಂಸಿಬಿ (ಲೋಡು ಮೂರು ಫೇಸಿಗೆ ಹಂಚಿಹೋಗುವುದರಿಂದ 32 ಸಾಕು), ಕರೆಂಟು ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ. ತ್ರೀ ಫೇಸ್ ಹಾಕಿಸುವವರು ನ್ಯೂಟ್ರಲ್ ತಂತಿಯನ್ನು ಸಣ್ಣದು ಮಾಡಲು ಬಿಡಬೇಡಿ, ಅದರ ಸ್ಕ್ರೂ ಬಿಗಿಯಾಗಿದೆಯೇ ನಿಂತು ನೋಡಿ. ನ್ಯೂಟ್ರಲ್ ಬಿಟ್ಟುಹೋದರೆ ಒಂದು ಫೇಸಿನ ವೋಲ್ಟೇಜ್ 300 ದಾಟಿ ಟಿವಿ, ಫ್ರಿಜ್ ಸುಟ್ಟುಹೋಗಬಹುದು.