ಬಳ್ಳಾರಿ ಸೆಕೆಯಲ್ಲಿ ಆ್ಯಂಕಲ್ ಟೇಪ್: ಒಂದು ಸೀಸನ್ ಸುತ್ತಿಕೊಂಡ ಮೇಲೆ

ಆ್ಯಂಕಲ್‌ಗೆ, ಅಂದರೆ ಪಾದದ ಗಂಟಿಗೆ, ನಾನು ಸುತ್ತುವುದು ಬಣ್ಣಬಣ್ಣದ, ಹಿಗ್ಗುವ ಟೇಪ್ ಅಲ್ಲ. 38 ಮಿ.ಮೀ. ಅಗಲದ, ಹಿಗ್ಗದ ಬಿಳಿ ಜಿಂಕ್ ಆಕ್ಸೈಡ್ ಟೇಪ್. ನಾನು ಸಂಜೆ ವಾಲಿಬಾಲ್ ಆಡುವವನು. ಬ್ಲಾಕ್ ಮಾಡಿ ಇಳಿಯುವಾಗ ಎದುರಿನವನ ಪಾದದ ಮೇಲೆ ಬಿದ್ದು ಬಲಗಾಲು ಉಳುಕಿತು. ಆಮೇಲೆ ಅದು ಸುಮ್ಸುಮ್ನೆ ಒಳಕ್ಕೆ ಹೊರಳತೊಡಗಿತು. ಹಾಲು ತರಲು ಹೋದಾಗಲೂ!

ಟೇಪ್ ಸುತ್ತುವುದು ನನಗೆ ಆಟದಷ್ಟೇ ಇಷ್ಟ. ಕಾಲು ತೊಳೆದು, ಒರೆಸಿ, ಬೆಂಚಿನ ಅಂಚಿಗೆ ಪಾದ ಚಾಚಿ ಕೂರುತ್ತೇನೆ. ಪಾದ ಮುಂದಕ್ಕೆ ಜೋತುಬೀಳಬಾರದು, 90 ಡಿಗ್ರಿಯಲ್ಲೇ ನಿಲ್ಲಬೇಕು. ಮೊದಲು ತೆಳು ಫೋಮ್. ಮೀನಖಂಡದ ಕೆಳಗೆ ಆಂಕರ್, ಅಂದರೆ ಉಳಿದ ಪಟ್ಟಿಗಳಿಗೆ ಆಧಾರವಾಗುವ ಸುತ್ತು. ಆಮೇಲೆ ಒಳಗಂಟಿನ ಕಡೆಯಿಂದ ಹಿಮ್ಮಡಿಯ ಅಡಿಗೆ ಹಾಯಿಸಿ, ಹೊರಗಂಟಿನ ಮೇಲಕ್ಕೆ ಜಗ್ಗಿ ಸ್ಟಿರಪ್. ಕೊನೆಗೆ ಹೀಲ್ ಲಾಕ್, ಅಂದರೆ ಹಿಮ್ಮಡಿ ಅಲುಗದಂತೆ ಸುತ್ತಿ ಬಿಗಿಯುವ ಪಟ್ಟಿ. ಅದು ಕೂತ ಕ್ಷಣ ಹಿಮ್ಮಡಿಯನ್ನು ಯಾರೋ ಅಂಗೈಲಿ ಹಿಡಿದ ಹಾಗಿರುತ್ತದೆ. ಟೇಪ್ ಬೆರಳಲ್ಲೇ ಪರ್ ಅಂತ ಹರಿಯುತ್ತದೆ, ಕತ್ತರಿ ಬೇಡ.

ಆದರೆ ಮೇ ತಿಂಗಳು ಬರಲಿ ನೋಡಿ. ಹಗಲು 40 ಡಿಗ್ರಿ ದಾಟಿದ ಮೇಲೆ ನಮ್ಮ ಗ್ರೌಂಡ್ ಸಂಜೆಗೂ ಆರುವುದಿಲ್ಲ. ಎರಡನೇ ಸೆಟ್‌ಗೆ ಬೆವರಿಗೆ ಫೋಮ್ ಜಾರಿ, ಟೇಪಿನ ಅಂಚು ಹಗ್ಗದ ಹಾಗೆ ಸುರುಳಿಯಾಗಿ ಹಿಮ್ಮಡಿ ಕೊರೆಯುತ್ತದೆ. ಬಿಟ್ಟ ಅಂಟಿಗೆಲ್ಲ ಕೆಂಪು ಧೂಳು. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಬೇಕು. ಟೇಪ್ ಒಂದು ಆಟಕ್ಕೆ ಮುಗಿಯಿತು, ಮರುದಿನ ಮತ್ತೆ ಹೊಸದು. ನನ್ನ ಸಂಬಳಕ್ಕೆ ಇದು ಜಾಸ್ತಿಯೇ.

ತಣ್ಣನೆಯ ಊರಿನಲ್ಲೂ ಅರ್ಧ ಗಂಟೆ ಓಡಿ ಜಿಗಿದರೆ ಟೇಪಿನ ಬಿಗಿ ಸಾಕಷ್ಟು ಇಳಿಯುತ್ತದೆ. ಅದು ಗೊತ್ತಾದ ಮೇಲೆ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಸಿಟ್ಟು ಉಳಿದಿರುವುದು ಅಂಗಡಿಯವನ ಮೇಲೆ. 'ಮಸಲ್‌ಗೆ ಪವರ್ ಬರ್ತದೆ' ಅಂದು ಮಾರಿದ್ದ. ಪಾದ ಒಳಕ್ಕೆ ಹೊರಳಿದಾಗ ಹೊರಕ್ಕೆ ಎಳೆದು ಹಿಡಿಯುವುದು ಕಾಲಿನ ಹೊರಬದಿಯ ಪೆರೋನಿಯಲ್ ಸ್ನಾಯುಗಳು. ಸಡಿಲಗೊಂಡ ಆ್ಯಂಕಲ್‌ನಲ್ಲಿ ಎಷ್ಟೋ ಜನರಿಗೆ ಅವು ತಡವಾಗಿ ಎಚ್ಚರಾಗುತ್ತವೆ. ಟೇಪ್ ಅವನ್ನು ಬೇಗ ಎಬ್ಬಿಸುತ್ತದಾ? ಸ್ನಾಯುವಿನ ವಿದ್ಯುತ್ ಸಂಕೇತ ಅಳೆಯುವ ಇಎಂಜಿ ಪರೀಕ್ಷೆಗಳು ಒಂದೇ ಉತ್ತರ ಕೊಟ್ಟಿಲ್ಲ. ಟೇಪ್ ಖಚಿತವಾಗಿ ಮಾಡುವ ಕೆಲಸ ಅಂದರೆ ಪಾದ ಪೂರ್ತಿ ಹೊರಳದಂತೆ ತಡೆಯುವುದು. ಒಮ್ಮೆ ಉಳುಕಿದ ಕಾಲಿಗೆ ಅದೇನು ಕಮ್ಮಿ ಸಹಾಯ ಅಲ್ಲ. ಟೇಪ್ ಇದ್ದಾಗ ನಾನು ಹಿಂದೆಮುಂದೆ ನೋಡದೆ ಜಿಗಿಯುತ್ತೇನೆ, ಅಷ್ಟಂತೂ ಸತ್ಯ.

ಸ್ನಾಯುವಿನ ಕೆಲಸಕ್ಕೆ ನಾನು ದುಡ್ಡು ಹಾಕುವುದಿಲ್ಲ. ಹಲ್ಲುಜ್ಜುವಾಗ ಬಲಗಾಲೊಂದರ ಮೇಲೆ ನಿಲ್ಲುತ್ತೇನೆ, ಮನೆಯವರು ನಗುತ್ತಾರೆ. ದಿನದ ಪ್ರಾಕ್ಟೀಸ್‌ಗೆ ಲೇಸ್ ಕಟ್ಟುವ ಬ್ರೇಸ್, ಅಂದರೆ ಗಂಟಿಗೆ ಹಾಕುವ ಬಟ್ಟೆಯ ಪಟ್ಟಿ, ತಂದಿದ್ದೇನೆ. ಒಗೆದು ಹಾಕಿಕೊಳ್ಳಬಹುದು, ನಡುವೆ ಸಡಿಲಾದರೆ ಮತ್ತೆ ಬಿಗಿಯಬಹುದು. ಟೇಪ್ ಮ್ಯಾಚ್ ದಿನಕ್ಕೆ ಮಾತ್ರ, ಅದೂ ದಸರಾ ಕಳೆದ ಮೇಲಿನ ಟೂರ್ನಮೆಂಟ್‌ಗಳಿಗೆ. ಐದರಲ್ಲಿ ಮೂರು ಸ್ಟಾರ್. ಕೊಳ್ಳುವವರು ರೋಲನ್ನು ಬೈಕ್ ಡಿಕ್ಕಿಯಲ್ಲಿ ಇಡಬೇಡಿ, ಬಿಸಿಗೆ ಅಂಟು ಕರಗಿ ಸುರುಳಿಯೇ ಬಿಚ್ಚುವುದಿಲ್ಲ.