ಫೆಟ್: ಮಕ್ಕಳಿಗೆ ಬ್ಯಾಟರಿ ಸುಡೋಕೆ ಬಿಡುವ ವಿಜ್ಞಾನ

ನಮ್ಮನೆಯಲ್ಲಿ ಫೆಟ್ (PhET) ಸಿಮ್ಯುಲೇಷನ್‌ಗಳನ್ನು, ಅಂದರೆ ಕಂಪ್ಯೂಟರ್ ಪರದೆ ಮೇಲೆ ನಾವೇ ಮಾಡಿ ನೋಡುವ ವಿಜ್ಞಾನದ ಪ್ರಯೋಗಗಳನ್ನು, ಬಳಸಲು ಶುರು ಮಾಡಿ ಎರಡು ವರ್ಷದ ಹತ್ತಿರ ಬಂತು. ಮಗ ಏಳನೇ ಕ್ಲಾಸು, ಮಗಳು ಹತ್ತನೇ ಕ್ಲಾಸು. ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಇದನ್ನು ಆರಂಭಿಸಿದರು. ಸಿಮ್ಯುಲೇಷನ್‌ಗಳಿಗೆ ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ಉಳಿದ ವಿವರ ನೀವೇ ನೋಡಿಕೊಳ್ಳಿ. ನಾನು ಹೇಳಬೇಕಿರುವುದು ಬ್ಯಾಟರಿಯ ವಿಷಯ.

ಡಿಸಿ ಸರ್ಕ್ಯೂಟ್ ಕಿಟ್ ಅನ್ನುವ ಸಿಮ್ಯುಲೇಷನ್‌ನಲ್ಲಿ ವೈರು, ಬಲ್ಬು, ಸ್ವಿಚ್ಚು, ಬ್ಯಾಟರಿ ಎಳೆದು ತಂದು ಜೋಡಿಸಬೇಕು. ಬ್ಯಾಟರಿಯ ಎರಡೂ ತುದಿಗೆ ಬರೀ ವೈರು ಸಿಕ್ಕಿಸಿದರೆ ಧಗ್ ಅಂತ ಬೆಂಕಿ! ಮೊದಮೊದಲು ಮಗನಿಗೆ ಅದೊಂದೇ ಕೆಲಸ. ಪರದೆ ಮೇಲೆ 'ತಪ್ಪು' ಅಂತ ಕೆಂಪು ಗುರುತು ಬರಲಿಲ್ಲ, ಮಾರ್ಕ್ಸ್ ಹೋಗಲಿಲ್ಲ. ಸುಟ್ಟು ಸುಟ್ಟು ಬೇಜಾರಾದ ಮೇಲೆ ತಾನಾಗಿಯೇ ನಡುವೆ ಬಲ್ಬು ಸೇರಿಸಿದ. ಪೆನ್ಸಿಲ್, ನಾಣ್ಯ, ರಬ್ಬರ್ ಜೊತೆ ಅಲ್ಲಿ ಒಂದು ನಾಯಿಯೂ ಇದೆ. ಅದನ್ನೂ ಸರ್ಕ್ಯೂಟಿಗೆ ಸೇರಿಸಬಹುದು. "ಅಯ್ಯೋ, ಅದಕ್ಕೆ ಶಾಕ್ ಹೊಡಿಯಲ್ವೇನೋ, ಮೊದ್ಲು ತೆಗಿ" ಅಂತ ನಮ್ಮತ್ತೆ ನಿಜಕ್ಕೂ ಗಾಬರಿಯಾದರು.

ರಾತ್ರಿ ಊಟ ಮುಗಿದು ನಾನು ಅಡುಗೆ ಕಟ್ಟೆ ಒರೆಸಿ ಬರುವಷ್ಟರಲ್ಲಿ ಲ್ಯಾಪ್‌ಟಾಪ್ ಚಾಪೆ ಮೇಲೆ ತೆರೆದಿರುತ್ತದೆ. ನಮ್ಮ ನಿಯಮ ಒಂದೇ. ಏನಾಗುತ್ತೆ ಅಂತ ಮೊದಲು ಹೇಳಬೇಕು, ಆಮೇಲೆ ಸ್ವಿಚ್ಚು. ಪಂದ್ಯಕ್ಕೆ ಕಡಲೆಮಿಠಾಯಿ. ಎರಡು ಬಲ್ಬು ಒಂದರ ಹಿಂದೆ ಒಂದು ಇಟ್ಟರೆ ಯಾವುದು ಜಾಸ್ತಿ ಉರಿಯುತ್ತೆ? ಮೊದಲನೆಯದೇ ಅಂದ ಮಗ. ಅದು ಕರೆಂಟು ತಿಂದು ಮಿಕ್ಕಿದ್ದು ಎರಡನೆಯದಕ್ಕೆ ಅಂತ ಅವನ ಲೆಕ್ಕ. ಒತ್ತಿದರೆ ಎರಡೂ ಒಂದೇ ಸಮ, ಎರಡೂ ಮಂಕು. ನೀಲಿ ಎಲೆಕ್ಟ್ರಾನುಗಳು ಬಲ್ಬಿಗೆ ಮುಂಚೆಯೂ ಆಮೇಲೂ ಒಂದೇ ವೇಗದಲ್ಲಿ ಸಾಗುತ್ತಿದ್ದವು. ಸಮಾಂತರವಾಗಿ, ಅಂದರೆ ಒಂದೊಂದು ಬಲ್ಬಿಗೂ ಬೇರೆ ಬೇರೆ ದಾರಿ ಕೊಟ್ಟು ಜೋಡಿಸಿದಾಗ ಎರಡೂ ಚೆನ್ನಾಗಿ ಉರಿದವು. "ಅದಕ್ಕೇ ಬಚ್ಚಲು ಮನೆ ಲೈಟ್ ಹಾಕಿದ್ರೆ ಹಾಲಿಂದು ಮಂಕಾಗಲ್ಲ" ಅಂದಳು ಮಗಳು. ಅವಳ ಪುಸ್ತಕದಲ್ಲಿ ವಿದ್ಯುತ್ ಪ್ರವಾಹದ ಬಾಣ ಧನದಿಂದ ಋಣದ ಕಡೆಗಿದೆ, ಎಲೆಕ್ಟ್ರಾನು ಹೋಗುವುದು ಉಲ್ಟಾ. ಇಲ್ಲಿ ಒಂದು ಗುಂಡಿ ಒತ್ತಿ ಎರಡನ್ನೂ ನೋಡಬಹುದು. ಆ ಗೊಂದಲ ಅವಳಿಗೆ ಅಲ್ಲಿಗೆ ಹೋಯಿತು.

ಹಲವು ಸಿಮ್ಯುಲೇಷನ್‌ಗಳು ಕನ್ನಡದಲ್ಲೂ ಇವೆ. ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ ಇಲ್ಲದೆಯೂ ಬ್ರೌಸರಿನಲ್ಲೇ ತೆರೆಯುತ್ತವೆ. ತಿಂಗಳ ಡೇಟಾ ಲೆಕ್ಕ ಹಾಕುವ ನಮ್ಮಂಥವರಿಗೆ ಇದು ದೊಡ್ಡದು.

ಆದರೆ ಪಕ್ಕದಲ್ಲಿ ಕೂತು ಪ್ರಶ್ನೆ ಕೇಳುವವರು ಬೇಕು. ನನಗೆ ಪುರುಸೊತ್ತಿಲ್ಲದ ದಿನ ಮಗ ಇನ್ನೊಂದು ಸಿಮ್ಯುಲೇಷನ್‌ನಲ್ಲಿ ಫಿರಂಗಿಯಿಂದ ಕುಂಬಳಕಾಯಿ, ಕಾರು, ಪಿಯಾನೊ ಹಾರಿಸುತ್ತಾ ಸುಮ್ನೆ ಸಂಜೆ ಕಳೆಯುತ್ತಾನೆ. ಫಿರಂಗಿಯನ್ನು ನೆಲಮಟ್ಟಕ್ಕೆ ಇಳಿಸಿ, ಗಾಳಿಯ ತಡೆ ತೆಗೆದು, ಒಂದೇ ವೇಗದಲ್ಲಿ 30 ಡಿಗ್ರಿಗೊಮ್ಮೆ 60 ಡಿಗ್ರಿಗೊಮ್ಮೆ ಹಾರಿಸಿದರೆ ಎರಡೂ ಒಂದೇ ಜಾಗದಲ್ಲಿ ಬೀಳುತ್ತವೆ. ಹಾರಿಸಿ ನೋಡು ಅಂತ ಯಾರಾದರೂ ಹೇಳಬೇಕಷ್ಟೆ. ದುಡಿದು ಸುಸ್ತಾಗಿ ಬರುವ ಎಲ್ಲ ಅಪ್ಪ ಅಮ್ಮಂದಿರಿಗೆ ಇದು ದಿನಾ ಆಗುವ ಮಾತಲ್ಲ.

ಇತಿಹಾಸ ಫೆಟ್‌ನಲ್ಲಿ ಇಲ್ಲವೇ ಇಲ್ಲ. ಅದಕ್ಕೇ ದುಡ್ಡು ಕಟ್ಟಿ ಬೇರೊಂದು ಆ್ಯಪ್ ಹಾಕಿದೆವು. ಹೆಸರು ಬೇಡ. ತಾಳಿಕೋಟೆ ಯುದ್ಧ ಯಾವಾಗ? 1565 ಒತ್ತು, ನಾಣ್ಯ ಉದುರುವ ಸದ್ದು, ಮುಂದಿನ ಪ್ರಶ್ನೆ. ವಿಜಯನಗರದ ವಿರುದ್ಧ ದಖನ್ನಿನ ಸುಲ್ತಾನರು ಯಾಕೆ ಒಂದಾದರು ಅನ್ನುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಮಗ ಬ್ಯಾಡ್ಜುಗಳ ಸಾಲನ್ನೇ ತೋರಿಸಿದ. ಸೋತ ಮೇಲೆ ರಾಜಧಾನಿ ಪೆನುಗೊಂಡೆಗೆ ಹೋಗಿದ್ದು ಅವನಿಗೆ ಗೊತ್ತೇ ಇರಲಿಲ್ಲ. ವರ್ಷ ಮುಗಿದ ಮೇಲೆ ನವೀಕರಿಸಲಿಲ್ಲ. "ಮಗುವಿನ ಭವಿಷ್ಯ ಯೋಚಿಸಿ ಮೇಡಂ" ಅಂತ ಈಗಲೂ ಫೋನು ಬರುತ್ತದೆ.

ಫೆಟ್ ಬಳಸುವುದಾದರೆ ಒಂದು ಮೌಸ್ ತಂದಿಟ್ಟುಕೊಳ್ಳಿ. ಚಿಕ್ಕ ಫೋನಿನಲ್ಲಿ ನಮ್ಮ ಬೆರಳೇ ವೈರನ್ನು ಮುಚ್ಚಿಬಿಡುತ್ತದೆ. ಹತ್ತನೇ ಕ್ಲಾಸಿನ ಮಕ್ಕಳಿದ್ದರೆ ಪರೀಕ್ಷೆ ಹತ್ತಿರ ಬರುವವರೆಗೆ ಕಾಯಬೇಡಿ, ವಿದ್ಯುತ್ ಪಾಠ ಶುರುವಾದ ವಾರವೇ ತೋರಿಸಿ.