ಬ್ರಿಟನ್‌ನಿಂದ ಅಮೆರಿಕಕ್ಕೆ ಕೆಲಸದ ಮೇಲೆ: ಎಲ್-1 ವೀಸಾನೋ, ಎಚ್-1ಬಿನೋ?

ಕಂಪನಿಯ ಬ್ರಿಟನ್ ಕಚೇರಿಯಲ್ಲಿ ಕಳೆದ 3 ವರ್ಷಗಳೊಳಗೆ ಸತತ 1 ವರ್ಷ ದುಡಿದ ಮ್ಯಾನೇಜರ್ ಅಥವಾ ವಿಶೇಷ ಪರಿಣತರಿಗೆ ಎಲ್-1 (ಅದೇ ಕಂಪನಿಯ ಅಮೆರಿಕ ಕಚೇರಿಗೆ ವರ್ಗವಾಗುವವರ ವೀಸಾ) ಸಲೀಸು. ಲಾಟರಿಯಿಲ್ಲ, ಯಾವ ತಿಂಗಳಲ್ಲಾದರೂ ಅರ್ಜಿ ಹಾಕಬಹುದು. ಪರಿಣತ ವಿದೇಶಿ ಉದ್ಯೋಗಿಗಳ ಎಚ್-1ಬಿಗೆ ಮಾರ್ಚ್‌ನಲ್ಲಿ ನೋಂದಣಿ, ವರ್ಷಕ್ಕೆ 85,000ದ ಮಿತಿ. ಲಾಟರಿಯಲ್ಲಿ ಆಯ್ಕೆಯಾದರೂ ಕೆಲಸ ಶುರುವಾಗೋದು ಅಕ್ಟೋಬರ್ 1ರ ನಂತರವೇ. ಹೊರದೇಶದಲ್ಲಿರುವವರ ಹೊಸ ಅರ್ಜಿಗೆ 2025ರ ಸೆಪ್ಟೆಂಬರ್‌ನಲ್ಲಿ 1 ಲಕ್ಷ ಡಾಲರ್ ಶುಲ್ಕ ಬೇರೆ ಬಂತು. ಸಣ್ಣ ಕಂಪನಿಗೆ ಇದು ದುಬಾರಿಯೇ.

ಸಂಗಾತಿಯೂ ದುಡಿಯಬೇಕೆಂದರೆ ಎಲ್-1 ಮೇಲು. ಎಚ್-4ನಲ್ಲಿರುವ (ಎಚ್-1ಬಿ ಉದ್ಯೋಗಿಯ ಕುಟುಂಬಕ್ಕೆ ಸಿಗುವ ವೀಸಾ) ಸಂಗಾತಿ ಸಾಮಾನ್ಯವಾಗಿ ಗ್ರೀನ್ ಕಾರ್ಡ್ ಪ್ರಕ್ರಿಯೆ ಮುಂದುವರಿಯುವವರೆಗೆ ಕಾಯಬೇಕು. ಆದರೆ ಎಲ್-1 ನಿಮ್ಮನ್ನು ಅದೇ ಕಂಪನಿಗೆ ಕಟ್ಟಿಹಾಕುತ್ತದೆ. ಕೆಲಸ ಬದಲಿಸುವ ಯೋಚನೆಯಿದ್ದರೆ ಎಚ್-1ಬಿ ವಾಸಿ.

ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೂ ಬೆಂಗಳೂರಲ್ಲಿ ಹುಟ್ಟಿದವರಿಗೆ ಎರಡರಲ್ಲೂ ಗ್ರೀನ್ ಕಾರ್ಡ್ ಸರದಿ ಭಾರತದ್ದೇ; ಅದಕ್ಕೆ ಲೆಕ್ಕ ಹುಟ್ಟಿದ ದೇಶ. ಸಂಗಾತಿ ಬ್ರಿಟನ್‌ನಲ್ಲಿ ಹುಟ್ಟಿದ್ದರೆ ಅವರ ಸರದಿ ಹಿಡಿಯಬಹುದು.